ದೊಡ್ಡ ಕ್ಯಾಮೆರಾ ಇದ್ದವನು ಚಿಕ್ಕದನ್ನು ಹುಡುಕಿದ ಬಗೆ

ಕಳೆದ ದೊಡ್ಡ ಪ್ರವಾಸದ ನಾಲ್ಕನೆಯ ದಿನ ಬೆಳಗ್ಗೆ ನಾನು ಡಿಎಸ್‌ಎಲ್‌ಆರ್ ಕ್ಯಾಮೆರಾವನ್ನು ತಂಗಿದ್ದ ಕೋಣೆಯಲ್ಲೇ ಬಿಟ್ಟು ಹೊರಟೆ. ಕ್ಯಾಮೆರಾ ಕೆಟ್ಟಿರಲಿಲ್ಲ, ಬ್ಯಾಟರಿ ಪೂರ್ತಿ ತುಂಬಿತ್ತು, ಕಾರ್ಡಿನಲ್ಲಿ ಜಾಗವೂ ಇತ್ತು. ಹಿಂದಿನ ಮೂರು ದಿನ ಅದನ್ನು ಹೊತ್ತುಕೊಂಡೇ ಬೆಟ್ಟದ ಹಾದಿಗಳನ್ನು ಹತ್ತಿ ಇಳಿದದ್ದರಿಂದ ಬಲ ಹೆಗಲು ಬಿಗಿದುಕೊಂಡಿತ್ತು. ಮೋಡ ಕವಿದಿದ್ದ ಆ ದಿನ ಹೇಗೂ ಒಳ್ಳೆಯ ಬೆಳಕು ಸಿಗಲಾರದೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಸಂಜೆಯ ಹೊತ್ತಿಗೆ ಮಳೆ ನಿಂತಿತು. ಕಣಿವೆಯ ಆಳದಿಂದ ಮಂಜು ಪದರ ಪದರವಾಗಿ ಮೇಲೇಳುತ್ತಿತ್ತು. ಅದರ ನಡುವೆ ಒಂದೇ ಒಂದು ಮರದ ತುದಿಗೆ ಮಾತ್ರ ಇಳಿಬಿಸಿಲು ತಾಕಿತ್ತು. ಜೇಬಿನಿಂದ ಫೋನ್ ತೆಗೆದು ಚಿತ್ರ ಹಿಡಿದೆ. ಫೋನಿನ ಪರದೆಯ ಮೇಲೆ ಅದು ಚೆನ್ನಾಗಿಯೇ ಕಂಡಿತು. ಮನೆಗೆ ಬಂದು ದೊಡ್ಡ ಮಾನಿಟರಿನಲ್ಲಿ ತೆರೆದಾಗ ಮರದ ಎಲೆಗಳೆಲ್ಲ ಒದ್ದೆ ಕುಂಚದಿಂದ ತೀಡಿದಂತೆ ಒಂದರೊಳಗೊಂದು ಕಲಸಿಹೋಗಿದ್ದವು; ಮಂಜಿನ ಪದರಗಳ ನಡುವೆ ಕಣ್ಣಿಗೆ ಕಂಡಿದ್ದ ಬೂದುಬಣ್ಣದ ನವಿರಾದ ಏರಿಳಿತ ಉಳಿದೇ ಇರಲಿಲ್ಲ. ಆ ಒಂದು ಚಿತ್ರದ ಕೊರಗೇ ನನ್ನನ್ನು ಪ್ರವಾಸಕ್ಕೆ ಹೊಂದುವ ಚಿಕ್ಕ ಕ್ಯಾಮೆರಾದ ಹುಡುಕಾಟಕ್ಕೆ ಹಚ್ಚಿತು. ಆ ಹುಡುಕಾಟ ಮುಗಿಯಲು ಐದಾರು ತಿಂಗಳು ಹಿಡಿಯಿತು.

ನನ್ನ ಬಳಿ ಇರುವುದು ನಿಕಾನ್ ಡಿ7200. ಬ್ಯಾಟರಿ ಮತ್ತು ಕಾರ್ಡ್ ಸೇರಿ ಅದರ ತೂಕ 765 ಗ್ರಾಂ. ಪ್ರವಾಸದಲ್ಲಿ ಅದರ ಮೇಲೆ ಸದಾ ಕೂರುವ 18–200 ಮಿ.ಮೀ. ಜೂಮ್ ಲೆನ್ಸಿನದು 565 ಗ್ರಾಂ. (ಮಿ.ಮೀ. ಸಂಖ್ಯೆ ಚಿಕ್ಕದಾದಷ್ಟೂ ನೋಟ ವಿಶಾಲ, ದೊಡ್ಡದಾದಷ್ಟೂ ದೂರದ್ದು ಹತ್ತಿರ.) ಮಂದ ಬೆಳಕಿಗೆಂದು ಚೀಲದಲ್ಲಿರುವ 35 ಮಿ.ಮೀ. ಎಫ್ 1.8 ಲೆನ್ಸಿನದು ಇನ್ನೂ 200 ಗ್ರಾಂ. ಎಫ್ ಎಂಬುದು ಬೆಳಕು ಹಾಯುವ ಕಿಂಡಿಯಾದ ಅಪರ್ಚರಿನ ಅಳತೆ; ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಚೀಲ, ಚಾರ್ಜರ್, ಎರಡನೆಯ ಬ್ಯಾಟರಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೂ ಒಂದೂವರೆ ಕಿಲೋ ದಾಟಿತು. ಈ ಗಾತ್ರಕ್ಕೆ ಕಾರಣವಿದೆ. ಲೆನ್ಸಿಗೂ ಬೆಳಕನ್ನು ಚಿತ್ರವಾಗಿಸುವ ಸೆನ್ಸರಿಗೂ ನಡುವೆ ಮೇಲಕ್ಕೆ ಮಡಚಿಕೊಳ್ಳುವ ಕನ್ನಡಿಯೊಂದು ಇರಬೇಕಾದ್ದರಿಂದ ಎಫ್ ಮೌಂಟ್ ಎಂಬ ನಿಕಾನ್ ಲೆನ್ಸ್ ಜೋಡಣೆಯಲ್ಲಿ ಆ ಅಂತರ 46.5 ಮಿ.ಮೀ. ಇದೆ. ಕನ್ನಡಿಯ ಮೇಲೆ ನೋಟವನ್ನು ಕಣ್ಣಿನತ್ತ ತಿರುಗಿಸುವ ಗಾಜಿನ ಪೆಂಟಾಪ್ರಿಸಂ ಇದೆ, ಮತ್ತು ಅಷ್ಟು ದೂರದಿಂದ ವಿಶಾಲ ನೋಟವನ್ನು ಸೆನ್ಸರಿನ ಮೇಲೆ ಮೂಡಿಸಲು ಲೆನ್ಸಿನೊಳಗೆ ಹೆಚ್ಚು ಗಾಜು ಬೇಕು. ಕಣ್ಣಿಟ್ಟು ನೋಡುವ ಕಿಂಡಿಯಾದ ವ್ಯೂಫೈಂಡರಿನೊಳಗೆ ಕಾಣುವ ನಿರ್ಮಲವಾದ, ಕ್ಷಣದಷ್ಟೂ ತಡವಿಲ್ಲದ ದೃಶ್ಯಕ್ಕಾಗಿ ನಾವು ಹೊರುವ ಹೊರೆ ಅದು. ಅದನ್ನು ನಾನು ಹತ್ತಾರು ಪ್ರವಾಸಗಳಲ್ಲಿ ಸಂತೋಷದಿಂದಲೇ ಹೊತ್ತಿದ್ದೇನೆ.

ತೂಕಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುತ್ತಿದ್ದುದು ಕ್ಯಾಮೆರಾ ಹೊರಗೆ ಬರಲು ಹಿಡಿಯುವ ಹೊತ್ತು. ನಿಂತು, ಚೀಲವನ್ನು ಮುಂದಕ್ಕೆಳೆದು, ಜಿಪ್ ಸರಿಸಿ, ಮುಚ್ಚಳ ತೆಗೆದು, ಕೆಲವೊಮ್ಮೆ ಲೆನ್ಸನ್ನೂ ಬದಲಿಸಿ ಸಿದ್ಧನಾಗುವಷ್ಟರಲ್ಲಿ ಜೊತೆಯವರು ಒಂದು ತಿರುವು ದಾಟಿರುತ್ತಾರೆ. ಪ್ರವಾಸಗಳಲ್ಲಿ ಹೆಚ್ಚಾಗಿ ಜೊತೆಯಾಗುವ ನನ್ನ ಅಕ್ಕ ತಿರುಗಿ ನಿಂತು, “ಇನ್ನೂ ಎಷ್ಟು ಹೊತ್ತು ಬೇಕೋ ನಿನಗೆ?” ಎಂದು ಕೇಳುವುದರಲ್ಲಿ ಸಿಟ್ಟು ಇರುವುದಿಲ್ಲ, ಆದರೆ ಅವಳು ನಿಲ್ಲಬೇಕಾಗುತ್ತದೆ. ಹೀಗಾಗಿ ನಾನು ಕ್ರಮೇಣ ದೊಡ್ಡ ನೋಟಗಳಿಗೆ ಮಾತ್ರ ಚೀಲ ತೆರೆಯತೊಡಗಿದೆ. ದಾರಿಬದಿಯ ಬಾಗಿಲು, ಒಣಗಲು ಹಾಕಿದ ಬಲೆ, ಮಳೆಗೆ ಛತ್ರಿ ಬಿಚ್ಚುತ್ತಿದ್ದ ಮುದುಕ ಮುಂತಾದ ಸಣ್ಣ ಸಂಗತಿಗಳು, ಅಂದರೆ ಪ್ರವಾಸವನ್ನು ಪ್ರವಾಸವಾಗಿಸುವ ಸಂಗತಿಗಳು, ನನ್ನ ಚಿತ್ರಗಳಿಂದ ಒಂದೊಂದಾಗಿ ಕಾಣೆಯಾದವು.

ಹುಡುಕಾಟದ ಮೊದಲ ಎರಡು ತಿಂಗಳು ನಾನು ತಪ್ಪು ದಾರಿಯಲ್ಲಿದ್ದೆ. ನನ್ನ ಡಿ7200ರ ಎಲ್ಲ ಗುಣಗಳೂ ಇದ್ದು ಜೇಬಿನಲ್ಲಿ ಹಿಡಿಸುವ ಕ್ಯಾಮೆರಾಕ್ಕಾಗಿ ಹುಡುಕುತ್ತಿದ್ದೆ. ಅಂಥದ್ದು ಇಲ್ಲ. ಚಿಕ್ಕದಾಗುವಾಗ ಪ್ರತಿ ಕ್ಯಾಮೆರಾವೂ ಏನನ್ನೋ ಬಿಟ್ಟುಕೊಟ್ಟಿರುತ್ತದೆ. ಒಂದು ಜೂಮನ್ನು, ಇನ್ನೊಂದು ಬೆಳಕನ್ನು, ಮತ್ತೊಂದು ವ್ಯೂಫೈಂಡರನ್ನು. ಪ್ರತಿ ಮಾದರಿಯ ಮುಂದೆ ಅದರಲ್ಲಿ ಇಲ್ಲದ್ದನ್ನು ಬರೆಯುತ್ತ ಹೋದ ನನ್ನ ಪಟ್ಟಿ ಬೆಳೆಯಿತೇ ಹೊರತು ತೀರ್ಮಾನ ಹತ್ತಿರ ಬರಲಿಲ್ಲ. ದೊಡ್ಡ ಕ್ಯಾಮೆರಾದಲ್ಲಿ ಏನೇನಿದೆ ಎಂಬುದು ನನಗೆ ಬಾಯಿಪಾಠವಾಗಿತ್ತು. ಅದರಲ್ಲಿ ನಾನು ನಿಜಕ್ಕೂ ಬಳಸುವುದೇನು ಎಂಬುದನ್ನು ಮಾತ್ರ ಒಮ್ಮೆಯೂ ನೋಡಿರಲಿಲ್ಲ.

ಆ ಪ್ರಶ್ನೆಗೆ ಹೋಗುವ ಮೊದಲು ಸೆನ್ಸರಿನ ವಿಷಯ ಹೇಳಬೇಕು, ಏಕೆಂದರೆ ಚಿಕ್ಕ ಕ್ಯಾಮೆರಾಗಳ ಲೋಕದಲ್ಲಿ ಹೆಚ್ಚಿನ ಗೊಂದಲ ಇಲ್ಲಿಂದಲೇ ಹುಟ್ಟುತ್ತದೆ. 35 ಮಿ.ಮೀ. ಫಿಲ್ಮಿನ ಚೌಕಟ್ಟಿನಷ್ಟೇ ಇರುವ ಫುಲ್ ಫ್ರೇಮ್ ಸೆನ್ಸರಿನ ವಿಸ್ತೀರ್ಣ 864 ಚದರ ಮಿಲಿಮೀಟರ್. ನನ್ನ ಡಿಎಸ್‌ಎಲ್‌ಆರ್‌ನಲ್ಲಿರುವ ಎಪಿಎಸ್-ಸಿ ಸೆನ್ಸರಿನದು ಸುಮಾರು 367. ಮೈಕ್ರೋ ಫೋರ್ ಥರ್ಡ್ಸ್‌ನದು 225. ಒಂದಿಂಚಿನದು ಎಂದು ಕರೆಯುವ ಸೆನ್ಸರಿನದು 116. ಹೆಸರು ಒಂದಿಂಚು ಎಂದಿದ್ದರೂ ಅದರ ಕರ್ಣದ ಉದ್ದ 16 ಮಿಲಿಮೀಟರಿಗೂ ಕೊಂಚ ಕಡಿಮೆ. ಹಳೆಯ ಟೆಲಿವಿಷನ್ ಕ್ಯಾಮೆರಾಗಳ ಗಾಜಿನ ನಳಿಕೆಗಳನ್ನು ಹೊರವ್ಯಾಸದಿಂದ ಗುರುತಿಸುತ್ತಿದ್ದ ರೂಢಿ, ನಳಿಕೆಗಳು ಮರೆಯಾದ ಮೇಲೂ ಹೆಸರಿನಲ್ಲಿ ಉಳಿದುಬಂದಿದೆ. ಇವೆಲ್ಲಕ್ಕಿಂತ ಕೆಳಗೆ, 30 ಪಟ್ಟು ಜೂಮ್ ಇರುವ ಜೇಬು ಕ್ಯಾಮೆರಾಗಳಲ್ಲಿ ಕಾಣುವ 1/2.3 ಇಂಚಿನ ಸೆನ್ಸರ್ ಇದೆ; ಅದರ ವಿಸ್ತೀರ್ಣ ಕೇವಲ 28 ಚದರ ಮಿಲಿಮೀಟರ್, ನನ್ನ ಸೆನ್ಸರಿನ ಹದಿಮೂರನೆಯ ಒಂದು ಪಾಲು.

ಆ ಕೊನೆಯ ಬಗೆಯ ಕ್ಯಾಮೆರಾ ನನ್ನನ್ನು ಬಹಳ ಸೆಳೆದಿತ್ತು. 24ರಿಂದ 720 ಮಿ.ಮೀ.ವರೆಗಿನ ನೋಟ ಅಂಗೈಯಲ್ಲಿ ಸಿಗುತ್ತದೆಂದರೆ ಯಾವ ಪ್ರವಾಸಿಗೆ ಆಸೆಯಾಗುವುದಿಲ್ಲ? ಆದರೆ ಅಂಥ ಜೂಮಿನ ದೂರದ ತುದಿಯಲ್ಲಿ ಅಪರ್ಚರ್ ಎಫ್ 6.4ರ ಆಸುಪಾಸಿಗೆ ಇಳಿದಿರುತ್ತದೆ. ಅಷ್ಟು ಕಿರಿದಾದ ಕಿಂಡಿಯಿಂದ ಹಾಯುವ ಬೆಳಕಿನ ಬಿಂದು ವಿವರ್ತನೆಯಿಂದಾಗಿ ಎಂಟು ಮೈಕ್ರಾನಿಗೂ ಮಿಗಿಲಾಗಿ ಹರಡಿಕೊಳ್ಳುತ್ತದೆ. ಆ ಸೆನ್ಸರಿನ ಒಂದೊಂದು ಪಿಕ್ಸೆಲಿನ ಅಗಲವಾದರೋ ಸುಮಾರು ಒಂದೂಕಾಲು ಮೈಕ್ರಾನ್. ಒಂದು ಬಿಂದು ಆರೇಳು ಪಿಕ್ಸೆಲ್ ಅಗಲಕ್ಕೆ ಹರಡಿದ ಮೇಲೆ ಮೆಗಾಪಿಕ್ಸೆಲುಗಳ ಲೆಕ್ಕಕ್ಕೆ ಅರ್ಥವಿಲ್ಲ. ಲೆನ್ಸ್ ಎಷ್ಟೇ ನಿರ್ದೋಷವಾಗಿದ್ದರೂ ಬೆಳಕಿನ ಸ್ವಭಾವವೇ ಇಲ್ಲಿ ಗೆರೆ ಎಳೆಯುತ್ತದೆ. ನನ್ನ ಕಣಿವೆಯ ಮರಕ್ಕೆ ಒದಗಿದ ಗತಿಯೇ ಇಲ್ಲಿಯೂ ಒದಗುತ್ತದೆಂದು ಆ ಬಗೆಯನ್ನು ಕೈಬಿಟ್ಟೆ.

ನನ್ನ ಎಣಿಕೆಯನ್ನು ತಲೆಕೆಳಗು ಮಾಡಿದ್ದು ಮುಂದಿನ ಲೆಕ್ಕ. ಎಪಿಎಸ್-ಸಿ ಸೆನ್ಸರ್ ಒಂದಿಂಚಿನದಕ್ಕಿಂತ ಮೂರು ಪಟ್ಟಿಗೂ ಕೊಂಚ ದೊಡ್ಡದು. ಆದ್ದರಿಂದ ಅದು ಮೂರು ಪಟ್ಟು ಬೆಳಕು ಹಿಡಿಯುತ್ತದೆ ಎಂದು ನಾನು ಬಹುಕಾಲ ನಂಬಿದ್ದೆ. ಎರಡೂ ಕಡೆ ಅಪರ್ಚರ್ ಒಂದೇ ಆಗಿದ್ದರೆ ಅದು ನಿಜ. ಆದರೆ ಪ್ರವಾಸದಲ್ಲಿ ನನ್ನ ಡಿಎಸ್‌ಎಲ್‌ಆರ್ ಮೇಲೆ ಇರುತ್ತಿದ್ದುದು ಎಫ್ 3.5ರಿಂದ ಶುರುವಾಗುವ ಜೂಮ್. ಒಳ್ಳೆಯ ಒಂದಿಂಚಿನ ಕಾಂಪ್ಯಾಕ್ಟ್‌ಗಳ ಲೆನ್ಸ್ ಎಫ್ 1.8ರಿಂದ ಶುರುವಾಗುತ್ತದೆ. ಎಫ್ 1.8ರ ಕಿಂಡಿ ಎಫ್ 3.5ಕ್ಕಿಂತ ಸೆನ್ಸರಿನ ಪ್ರತಿ ಚದರ ಮಿಲಿಮೀಟರಿಗೆ ಹತ್ತಿರ ಹತ್ತಿರ 3.8 ಪಟ್ಟು ಹೆಚ್ಚು ಬೆಳಕು ಸುರಿಯುತ್ತದೆ. ವಿಸ್ತೀರ್ಣದಲ್ಲಿ ಕಳೆದುಕೊಂಡ ಮೂರು ಪಟ್ಟನ್ನು ಲೆನ್ಸ್ ತುಂಬಿಕೊಟ್ಟು ಸ್ವಲ್ಪ ಮಿಗಿಸುತ್ತದೆ. ಅಂದರೆ ಸಾಮಾನ್ಯ ಜೂಮ್ ಹಾಕಿಕೊಂಡ ನನ್ನ ಡಿಎಸ್‌ಎಲ್‌ಆರ್ ಸಂಜೆಯ ಬೆಳಕಿನಲ್ಲಿ ಹಿಡಿಯುವ ಒಟ್ಟು ಬೆಳಕಿಗೂ ಅಂಗೈಯಗಲದ ಆ ಕ್ಯಾಮೆರಾ ಹಿಡಿಯುವುದಕ್ಕೂ ಅಂಥ ಅಂತರವೇ ಇಲ್ಲ. 35 ಮಿ.ಮೀ. ಎಫ್ 1.8 ಲೆನ್ಸ್ ಹಾಕಿದೊಡನೆ ದೊಡ್ಡ ಕ್ಯಾಮೆರಾ ಮತ್ತೆ ಮೂರು ಪಟ್ಟು ಮುಂದೆ ಹೋಗುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ನಾನು ಆ ಲೆನ್ಸನ್ನು ಪ್ರವಾಸದಲ್ಲಿ ಎಷ್ಟು ಸಲ ಹಾಕಿದ್ದೇನೆ? ಚೀಲದ ತಳದಿಂದ ಅದನ್ನು ತೆಗೆದ ಸಂಜೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು.

ಈ ಲೆಕ್ಕವೇ ನನ್ನನ್ನು ಹಾರ್ಡ್ ಡಿಸ್ಕಿನ ಕಡೆಗೆ ತಿರುಗಿಸಿತು. ಡಿಜಿಟಲ್ ಕ್ಯಾಮೆರಾ ಹಿಡಿದ ಪ್ರತಿ ಚಿತ್ರದ ಫೈಲಿನೊಳಗೂ ಎಕ್ಸಿಫ್ ಎಂಬ ಮಾಹಿತಿ ಸೇರಿರುತ್ತದೆ. ಯಾವ ಅಪರ್ಚರ್, ಎಷ್ಟು ಶಟರ್ ವೇಗ, ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ ತಿಳಿಸುವ ಐಎಸ್ಒ ಎಷ್ಟು, ಜೊತೆಗೆ ಶಾಲೆಯ ವಿಜ್ಞಾನದ ಪಾಠದಲ್ಲಿ ನಾವು ಸಂಗಮದೂರ ಎಂದು ಕಲಿತ ಫೋಕಲ್ ಲೆಂತ್ ಎಷ್ಟು ಎಂಬುದೆಲ್ಲ ಅದರಲ್ಲಿದೆ. ನಾಲ್ಕು ವರ್ಷಗಳ ಪ್ರವಾಸದ ಚಿತ್ರಗಳನ್ನು ಒಂದು ಕಡೆ ಹಾಕಿ ಸಂಗಮದೂರದ ಪ್ರಕಾರ ವಿಂಗಡಿಸಿದೆ. ಎರಡು ಗುಡ್ಡಗಳು ಎದ್ದುನಿಂತವು: ಒಂದು ಸರಿಯಾಗಿ 18ರಲ್ಲಿ, ಇನ್ನೊಂದು ಸರಿಯಾಗಿ 200ರಲ್ಲಿ. ನಡುವಿನ ಬಯಲಿನಲ್ಲಿ ಉಳಿದವು ಚದುರಿಹೋಗಿದ್ದವು. ಮೊದಲ ನೋಟಕ್ಕೆ ಇದು ದೊಡ್ಡ ಜೂಮ್ ಬೇಕೇಬೇಕು ಎಂಬುದಕ್ಕೆ ಸಾಕ್ಷಿಯಂತೆ ಕಂಡಿತು, ಮತ್ತು ಎರಡು ದಿನ ನಾನು ಹಾಗೆಯೇ ತಿಳಿದಿದ್ದೆ.

ಆಮೇಲೆ ಅದೇ ಚಿತ್ರಗಳಲ್ಲಿ ನಾನು ಉಳಿಸಿಕೊಂಡವನ್ನು, ಅಂದರೆ ಮುದ್ರಿಸಿದ, ಆಲ್ಬಮಿಗೆ ಸೇರಿಸಿದ, ಯಾರಿಗಾದರೂ ಕಳುಹಿಸಿದ ಚಿತ್ರಗಳನ್ನು ಮಾತ್ರ ಬೇರೆ ಮಾಡಿ ಮತ್ತೊಮ್ಮೆ ವಿಂಗಡಿಸಿದೆ. 200ರ ಗುಡ್ಡ ಬಹುಮಟ್ಟಿಗೆ ಕರಗಿಹೋಯಿತು. 18ರದು ತಗ್ಗಿತು. ಅರ್ಧಕ್ಕಿಂತ ಹೆಚ್ಚು ಚಿತ್ರಗಳು 20ಕ್ಕೂ 45ಕ್ಕೂ ನಡುವೆ, ನಾನು ಮೊದಲು ಬಯಲು ಎಂದುಕೊಂಡಿದ್ದ ಜಾಗದಲ್ಲೇ ನೆಲೆಸಿದ್ದವು. ನನಗೆ ತಿಳಿದ ಮಟ್ಟಿಗೆ ಕಾರಣ ಹೀಗಿದೆ: 18 ಮತ್ತು 200 ನಾನು ಆರಿಸಿಕೊಂಡ ನೋಟಗಳಾಗಿರಲಿಲ್ಲ, ಜೂಮ್ ರಿಂಗ್ ಇನ್ನು ತಿರುಗದೆಂದು ನಿಂತ ಜಾಗಗಳಾಗಿದ್ದವು. ದೂರದ ಯಾವುದೋ ಗೋಪುರವನ್ನೋ ಶಿಖರವನ್ನೋ ಕಂಡು ರಿಂಗನ್ನು ತುದಿಯವರೆಗೆ ತಿರುಗಿಸಿ, ಬಿಸಿಗಾಳಿಯ ನಡುಕದೊಳಗೆ ಮಸುಕಾಗಿ ಕಂಡದ್ದನ್ನು ಹಿಡಿದಿದ್ದೆ. ಎಲ್ಲವನ್ನೂ ಒಳಗೆ ತುಂಬಿಸಿಕೊಳ್ಳಬೇಕೆಂಬ ಆತುರದಲ್ಲಿ ಈಚೆಯ ತುದಿಗೆ ತಿರುಗಿಸಿ, ಅರ್ಧ ಆಕಾಶವನ್ನೂ ಅರ್ಧ ನೆಲವನ್ನೂ ಹಿಡಿದಿದ್ದೆ. ನಡುವೆ ಎಲ್ಲೋ ನಿಲ್ಲಿಸಿದ ಚಿತ್ರಗಳಲ್ಲಿ ನಾನು ನಿಜವಾಗಿ ನೋಡಿದ್ದೆ. 200ರಲ್ಲಿ ಹಿಡಿದು ಉಳಿಸಿಕೊಂಡವುಗಳಲ್ಲಿ ನಾಲ್ಕೈದು ಹಕ್ಕಿಗಳು, ಹುಣ್ಣಿಮೆಯ ಒಂದು ಚಂದ್ರ, ಹಿಮದ ಏಣೊಂದರ ಮೇಲೆ ಇರುವೆಗಳಂತೆ ನಡೆಯುತ್ತಿದ್ದ ಇಬ್ಬರು ಚಾರಣಿಗರು ಇದ್ದರು. ಆ ಇಬ್ಬರ ಚಿತ್ರ ನನಗೆ ಇಂದಿಗೂ ಪ್ರಿಯ. ಅದೊಂದನ್ನು ಬಿಟ್ಟುಕೊಡುವುದು ಸುಲಭವಾಗಿರಲಿಲ್ಲ ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ.

ಸಂಖ್ಯೆಗಳನ್ನು ಅಷ್ಟಕ್ಕೇ ನಂಬದೆ ಕೈಯಿಂದಲೂ ಪರೀಕ್ಷಿಸಿದೆ. ಪೇಂಟರುಗಳು ಬಳಸುವ ಕಾಗದದ ಅಂಟುಪಟ್ಟಿಯನ್ನು ನನ್ನ ಜೂಮ್ ರಿಂಗಿಗೆ ಸುತ್ತಿ, ಮೊದಲ ವಾರ ಅದನ್ನು 18ರಲ್ಲಿ ಕದಲದಂತೆ ಮಾಡಿದೆ. ನನ್ನ ಸೆನ್ಸರ್ ಫುಲ್ ಫ್ರೇಮಿಗಿಂತ ಚಿಕ್ಕದಾದ್ದರಿಂದ ಅದೇ ಲೆನ್ಸಿನ ನೋಟ ಒಂದೂವರೆ ಪಟ್ಟು ಕಿರಿದಾಗುತ್ತದೆ; ಹಾಗಾಗಿ ಅದು ಫುಲ್ ಫ್ರೇಮಿನ 27 ಮಿ.ಮೀ.ಗೆ ಸಮ, ರಿಕೋ ಜಿಆರ್ 3 ಕ್ಯಾಮೆರಾದ 28 ಮಿ.ಮೀ. ನೋಟಕ್ಕೆ ತೀರ ಹತ್ತಿರ. ಎರಡನೆಯ ವಾರ 24ಕ್ಕೆ ಅಂಟಿಸಿದೆ. ಅದು 36ಕ್ಕೆ ಸಮ, ಫ್ಯೂಜಿಫಿಲ್ಮ್ ಎಕ್ಸ್100 ಸರಣಿಯ 35 ಮಿ.ಮೀ. ನೋಟಕ್ಕೆ ಒಂದು ಕೂದಲೆಳೆಯ ದೂರ. ಹೀಗೆ ಒಂದು ಪಟ್ಟಿಯ ಸಹಾಯದಿಂದ, ನನ್ನಲ್ಲಿ ಇಲ್ಲದ ಎರಡು ಕ್ಯಾಮೆರಾಗಳ ಕಣ್ಣಿನಿಂದ ನೋಡಿದಂತಾಯಿತು. ಚಿಕ್ಕ ಕ್ಯಾಮೆರಾ ಕೊಳ್ಳಬೇಕೆಂದಿರುವ, ಮನೆಯಲ್ಲಿ ಡಿಎಸ್‌ಎಲ್‌ಆರ್ ಇರುವ ಯಾರಿಗಾದರೂ ನಾನು ಮೊದಲು ಹೇಳುವುದು ಈ ಪಟ್ಟಿಯ ವಿಷಯವನ್ನೇ.

18ರ ವಾರದಲ್ಲಿ ಬಯಲಿನಲ್ಲಿ ನಾನು ಸೋತೆ, ಕಿರಿದಾದ ಓಣಿಗಳಲ್ಲಿ ಗೆದ್ದೆ. 24ರ ವಾರದಲ್ಲಿ ಅದು ತಿರುಗುಮುರುಗಾಯಿತು: ಜನರ ಚಿತ್ರಗಳು ಹದವಾಗಿ ಬಂದವು, ಕೋಣೆಯೊಳಗೆ ಮಾತ್ರ ಬೆನ್ನು ಗೋಡೆಗೆ ತಾಗಿದರೂ ಚೌಕಟ್ಟಿನಲ್ಲಿ ಜಾಗ ಸಾಲಲಿಲ್ಲ. ಎರಡೂ ವಾರಗಳಲ್ಲಿ ಚಿತ್ರಗಳು ಮೊದಲಿಗಿಂತ ಶಿಸ್ತಿನಿಂದ ಬಂದವೆಂಬುದು ನಿಜ. ಒಂದೇ ಸಂಗಮದೂರದ ಕ್ಯಾಮೆರಾಗಳ ಬಗ್ಗೆ ನನಗಿದ್ದ ಗೌರವ ಆಗ ಹೆಚ್ಚಿತು. ಜಿಆರ್ 3ರ ತೂಕ 257 ಗ್ರಾಂ ಮಾತ್ರ. ಅದರೊಳಗೆ ನನ್ನ ಡಿಎಸ್‌ಎಲ್‌ಆರ್‌ನಷ್ಟೇ ದೊಡ್ಡ ಸೆನ್ಸರ್ ಇದೆ. ಅದರ ಸ್ನ್ಯಾಪ್ ಫೋಕಸ್ ಎಂಬ ಏರ್ಪಾಡು ನನಗೆ ಬಹಳ ಹಿಡಿಸಿತು. ಫೋಕಸ್ ದೂರವನ್ನು ಮೊದಲೇ 2 ಮೀಟರಿಗೆ ಗೊತ್ತುಮಾಡಿ ಅಪರ್ಚರನ್ನು ಎಫ್ 5.6ಕ್ಕೆ ಇಟ್ಟರೆ, ಅದರ 18.3 ಮಿ.ಮೀ. ಲೆನ್ಸಿನಲ್ಲಿ ಸುಮಾರು 1.2 ಮೀಟರಿನಿಂದ 6 ಮೀಟರಿನವರೆಗೆ ಎಲ್ಲವೂ ಸ್ಪಷ್ಟವಾಗಿರುತ್ತದೆ. ಕ್ಯಾಮೆರಾ ಫೋಕಸ್ ಹುಡುಕುವ ಪ್ರಮೇಯವೇ ಇಲ್ಲ, ಗುಂಡಿ ಒತ್ತಿದ ಕ್ಷಣವೇ ಚಿತ್ರ. ಬೀದಿಯಲ್ಲಿ ನಡೆಯುತ್ತ ಚಿತ್ರ ತೆಗೆಯುವವರು ಅದನ್ನೇಕೆ ಅಷ್ಟು ಪ್ರೀತಿಸುತ್ತಾರೆಂದು ಆಗ ಅರ್ಥವಾಯಿತು. ಆದರೂ ನನ್ನ ಉಳಿಸಿಕೊಂಡ ಚಿತ್ರಗಳು ಒಂದೇ ನೋಟದಲ್ಲಿ ಹಿಡಿಸುವಂಥವಾಗಿರಲಿಲ್ಲ. 18 ಮತ್ತು 45ರ ನಡುವೆ, ಅಂದರೆ ಫುಲ್ ಫ್ರೇಮಿನ ಲೆಕ್ಕದಲ್ಲಿ 27ರಿಂದ 68ರವರೆಗೆ, ಅವು ಹರಡಿಕೊಂಡಿದ್ದವು. ನನಗೆ ಬೇಕಾದದ್ದು ಚಿಕ್ಕ ವ್ಯಾಪ್ತಿಯ, ಬೆಳಕು ತುಂಬಿಕೊಳ್ಳುವ ಜೂಮ್.

ಅಷ್ಟರಲ್ಲಿ ಗೆಳೆಯನೊಬ್ಬ ತನ್ನ ಒಂದಿಂಚು ಸೆನ್ಸರಿನ ಕಾಂಪ್ಯಾಕ್ಟ್ ಕ್ಯಾಮೆರಾವನ್ನು ಎರಡು ದಿನಕ್ಕೆ ಕೊಟ್ಟ. ಅದರಲ್ಲಿ ವ್ಯೂಫೈಂಡರ್ ಇರಲಿಲ್ಲ, ಹಿಂದಿನ ಪರದೆ ಮಾತ್ರ. ನಡುಮಧ್ಯಾಹ್ನದ ಬಿಸಿಲಿನಲ್ಲಿ ನದಿಯ ದಂಡೆಯ ಮೇಲೆ ನಿಂತಾಗ ಪರದೆಯಲ್ಲಿ ನನ್ನ ಮುಖವೇ ಪ್ರತಿಫಲಿಸುತ್ತಿತ್ತು. ಚೌಕಟ್ಟಿನ ಅಂಚುಗಳಲ್ಲಿ ಏನಿದೆಯೆಂದು ಊಹಿಸಬೇಕಾಯಿತು. ತೋಳು ಚಾಚಿ ಹಿಡಿದ ಕ್ಯಾಮೆರಾ ನಡುಗಿತು, ದಿಗಂತ ಓರೆಯಾಯಿತು. ಡಿಎಸ್‌ಎಲ್‌ಆರ್ ಹಿಡಿದವರ ಮೈಗೆ ಒಂದು ಭಂಗಿ ರೂಢಿಯಾಗಿರುತ್ತದೆ: ಎರಡು ಮೊಣಕೈಗಳು ಪಕ್ಕೆಗೆ ಒತ್ತಿ, ಕ್ಯಾಮೆರಾದ ಬೆನ್ನು ಹುಬ್ಬಿಗೆ ತಾಗಿ, ಉಸಿರು ಅರೆಕ್ಷಣ ನಿಂತು, ಆಮೇಲೆ ಶಟರ್. ಆ ಭಂಗಿಯಲ್ಲಿ ಸುತ್ತಲಿನ ಲೋಕ ಕತ್ತಲಾಗಿ ಚೌಕಟ್ಟೊಂದೇ ಬೆಳಗುತ್ತದೆ. ಆ ಎರಡು ದಿನಗಳಲ್ಲಿ ನನಗೆ ಜೂಮಿನ ನೆನಪು ಒಮ್ಮೆಯೂ ಬರಲಿಲ್ಲ. ಕಣ್ಣಿಗೆ ಒತ್ತಿಕೊಳ್ಳಲು ಒಂದು ಕಿಂಡಿ ಇಲ್ಲವಲ್ಲ ಎಂಬ ಕೊರತೆ ಗಂಟೆಗೊಮ್ಮೆ ಕಾಡಿತು. ತಿಂಗಳುಗಟ್ಟಲೆ ಪಟ್ಟಿ ಮಾಡಿದರೂ ಹೊಳೆಯದಿದ್ದ ಸಂಗತಿ ಇದು. ದೊಡ್ಡ ಕ್ಯಾಮೆರಾದಲ್ಲಿ ನಾನು ಬಿಟ್ಟಿರಲಾರದ ಒಂದೇ ಒಂದು ಅಂಗ ಸೆನ್ಸರ್ ಆಗಿರಲಿಲ್ಲ, 200 ಮಿ.ಮೀ. ಆಗಿರಲಿಲ್ಲ; ವ್ಯೂಫೈಂಡರ್ ಆಗಿತ್ತು.

ಇಷ್ಟು ತಿಳಿದ ಮೇಲೆ ಪಟ್ಟಿ ತಾನಾಗಿಯೇ ಕಿರಿದಾಯಿತು. ಜಿಆರ್ 3ರಲ್ಲಿ ವ್ಯೂಫೈಂಡರ್ ಇಲ್ಲ. ಎಕ್ಸ್100 ಸರಣಿಯಲ್ಲಿ ಗಾಜಿನ ಮೂಲಕ ನೇರ ನೋಡುವ ಬಗೆಯೂ ಎಲೆಕ್ಟ್ರಾನಿಕ್ ಬಗೆಯೂ ಸೇರಿದ ಅಪೂರ್ವವಾದ ವ್ಯೂಫೈಂಡರ್ ಇದೆ, ಆದರೆ 2024ರ ಎಕ್ಸ್100 6ರ ತೂಕ 521 ಗ್ರಾಂ. ಅದನ್ನು ಕುತ್ತಿಗೆಗೆ ಹಾಕಿಕೊಳ್ಳಬಹುದೇ ಹೊರತು ಜೇಬಿಗೆ ಇಳಿಸಲಾಗದು. ಕ್ಯಾನನ್ 2017ರಲ್ಲಿ ತಂದ ಜಿ1 ಎಕ್ಸ್ ಮಾರ್ಕ್ 3 ಬಹಳ ದಿನ ನನ್ನ ಪಟ್ಟಿಯ ತಲೆಯಲ್ಲಿತ್ತು: ಎಪಿಎಸ್-ಸಿ ಸೆನ್ಸರ್, ಒಳಗೇ ವ್ಯೂಫೈಂಡರ್, 24–72 ಮಿ.ಮೀ. ಜೂಮ್, 399 ಗ್ರಾಂ. ಆದರೆ ಅಷ್ಟು ದೊಡ್ಡ ಸೆನ್ಸರನ್ನು ಅಷ್ಟು ಚಿಕ್ಕ ಮೈಯಲ್ಲಿ ಕೂರಿಸಬೇಕಾದರೆ ಲೆನ್ಸ್ ಎಲ್ಲೋ ಕಿರಿದಾಗಲೇಬೇಕು. ದೂರದ ತುದಿಯಲ್ಲಿ ಅದು ಎಫ್ 5.6. ಫುಲ್ ಫ್ರೇಮಿನ ಲೆಕ್ಕಕ್ಕೆ ಪರಿವರ್ತಿಸಿದರೆ ಅದು ಎಫ್ 9ರ ಹತ್ತಿರ ಬರುತ್ತದೆ, ಎಫ್ 2.8ರ ಲೆನ್ಸ್ ಇರುವ ಒಂದಿಂಚಿನ ಕ್ಯಾಮೆರಾ ಅದೇ ಲೆಕ್ಕದಲ್ಲಿ ಎಫ್ 7.6ರ ಹತ್ತಿರ ನಿಲ್ಲುತ್ತದೆ. ಚಿಕ್ಕ ಸೆನ್ಸರೇ ಅಲ್ಲಿ ಹೆಚ್ಚು ಬೆಳಕು ಹಿಡಿಯುತ್ತದೆ! ಸೆನ್ಸರಿನ ಅಳತೆಯನ್ನು ಲೆನ್ಸಿನಿಂದ ಬೇರೆ ಮಾಡಿ ನೋಡಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಗಲಿಲ್ಲ. ಪ್ಯಾನಾಸೋನಿಕ್ಕಿನ ಎಲ್ಎಕ್ಸ್100 ಲೆನ್ಸಿನ ಅಂದಕ್ಕೆ ಸೋತೆ, ಆದರೆ ಅದರ ಮೂತಿ ಜೇಬಿಗೆ ಅಡ್ಡ ಬರುತ್ತದೆ.

ಕೊನೆಗೆ ಉಳಿದದ್ದು ಸೋನಿ ಆರ್‌ಎಕ್ಸ್100 ಸರಣಿಯ ಎರಡು ದಾರಿಗಳು. 2014ರ ಮಾರ್ಕ್ 3ರಲ್ಲಿ 24–70 ಮಿ.ಮೀ., ಎಫ್ 1.8–2.8ರ ಲೆನ್ಸ್ ಇದೆ. 2018ರ ಮಾರ್ಕ್ 6ರಲ್ಲಿ ಅದೇ ಜೇಬಿನ ಗಾತ್ರದಲ್ಲಿ 24–200 ಮಿ.ಮೀ. ಸಿಗುತ್ತದೆ, ಆದರೆ ಅಪರ್ಚರ್ ಎಫ್ 2.8–4.5. ಎರಡರಲ್ಲೂ ಮೂಲೆಯಿಂದ ಮೇಲೇಳುವ ಪುಟ್ಟ ವ್ಯೂಫೈಂಡರ್ ಇದೆ. ಹೊಸದನ್ನು ಬಿಟ್ಟು ಹಳೆಯದನ್ನು ಆರಿಸುವುದು ಸುಲಭವಲ್ಲ. ಹಿಮದ ಏಣಿನ ಮೇಲಿನ ಆ ಇಬ್ಬರು ಚಾರಣಿಗರು ಮತ್ತೆ ಮತ್ತೆ ನೆನಪಾದರು. ಆದರೆ ಎಫ್ 1.8 ಮತ್ತು ಎಫ್ 2.8ರ ನಡುವೆ ಬೆಳಕಿನ ಅಂತರ 2.4 ಪಟ್ಟು, ಐಎಸ್ಒ 800ರಲ್ಲಿ ಸಿಗುವ ಚಿತ್ರಕ್ಕೂ ಹೆಚ್ಚುಕಡಿಮೆ 2000ದಲ್ಲಿ ಸಿಗುವುದಕ್ಕೂ ಇರುವ ಅಂತರ. ನನ್ನ ಉಳಿಸಿಕೊಂಡ ಚಿತ್ರಗಳಲ್ಲಿ ಮುಸ್ಸಂಜೆಯವೂ ಒಳಾಂಗಣದವೂ ಹೆಚ್ಚಾಗಿದ್ದವು, 200 ಮಿ.ಮೀ.ನವು ಕೆಲವೇ ಇದ್ದವು. ಎಲೆಗಳು ಕಲಸಿಹೋಗಿದ್ದ ಮರವೂ ಮುಸ್ಸಂಜೆಯದೇ ಆಗಿತ್ತು. ಅಲ್ಲದೆ ಈ ಕ್ಯಾಮೆರಾದ ಚಿತ್ರ 5472 ಪಿಕ್ಸೆಲ್ ಅಗಲ, 3648 ಎತ್ತರ ಇರುತ್ತದೆ. 70ರಲ್ಲಿ ಹಿಡಿದದ್ದನ್ನು ಅರ್ಧಕ್ಕೆ ಕತ್ತರಿಸಿ 140ರ ನೋಟ ಪಡೆದರೂ 2736×1824 ಪಿಕ್ಸೆಲ್ ಉಳಿಯುತ್ತದೆ, ಅಂದರೆ ಇಂಚಿಗೆ 300ರಂತೆ ಮುದ್ರಿಸಿದರೆ ಒಂಬತ್ತು ಇಂಚು ಅಗಲ, ಆರು ಇಂಚು ಎತ್ತರದ ಪ್ರತಿ. ಆಲ್ಬಮಿಗೆ ಅಷ್ಟು ಸಾಕು. ಮಾರ್ಕ್ 3 ಎಂದು ತೀರ್ಮಾನಿಸಿದೆ.

ನಾನು ಕೊಂಡದ್ದು ಒಬ್ಬರು ಬಳಸಿ ಬಿಟ್ಟದ್ದನ್ನು. ಲೆನ್ಸ್ ಕಳಚಲಾಗದ ಕ್ಯಾಮೆರಾಗಳನ್ನು ಹೀಗೆ ಕೊಳ್ಳುವವರು ಒಂದು ವಿಷಯದಲ್ಲಿ ಎಚ್ಚರವಾಗಿರಬೇಕು. ಹೊರಗೆ ಚಾಚಿ ಒಳಗೆ ಸರಿಯುವ ಲೆನ್ಸ್ ಪ್ರತಿ ಸಲವೂ ಸ್ವಲ್ಪ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ, ಗಾಳಿಯ ಜೊತೆಗೆ ದೂಳನ್ನೂ. ಡಿಎಸ್‌ಎಲ್‌ಆರ್‌ನಲ್ಲಿ ದೂಳು ಕೂತರೆ ಲೆನ್ಸ್ ತೆಗೆದು ಗಾಳಿ ಊದಿ ನಾವೇ ಶುಚಿ ಮಾಡಬಹುದು. ಇಲ್ಲಿ ಇಡೀ ಕ್ಯಾಮೆರಾವನ್ನು ಬಿಚ್ಚಬೇಕು. ಆದ್ದರಿಂದ ಕೊಳ್ಳುವ ಮೊದಲು ಅಪರ್ಚರನ್ನು ಅತಿ ಕಿರಿದು ಮಾಡಿ, ಈ ಮಾದರಿಯಲ್ಲಿ ಅದು ಎಫ್ 11, ಬರಿಯ ಆಕಾಶದ ಚಿತ್ರ ತೆಗೆದು ಕಪ್ಪು ಚುಕ್ಕೆಗಳಿವೆಯೇ ಎಂದು ದೊಡ್ಡದು ಮಾಡಿ ನೋಡಿದೆ. ಇಟ್ಟಿಗೆಯ ಗೋಡೆಯೊಂದನ್ನು ನೇರ ಎದುರಿನಿಂದ 24ರಲ್ಲೂ 70ರಲ್ಲೂ ಹಿಡಿದು ನಾಲ್ಕು ಮೂಲೆಗಳು ಒಂದೇ ಸಮ ಚುರುಕಾಗಿವೆಯೇ ಎಂದು ಪರೀಕ್ಷಿಸಿದೆ. ಒಂದು ಮೂಲೆ ಮಾತ್ರ ಮಸುಕಾಗಿದ್ದರೆ ಲೆನ್ಸಿನ ಗಾಜು ಓರೆಯಾಗಿದೆ ಎಂದರ್ಥ. ಈಗ ಅದನ್ನು ಬರಿದೇ ಜೇಬಿಗೆ ಹಾಕದೆ ತೆಳುವಾದ ಬಟ್ಟೆಯ ಚೀಲದಲ್ಲಿಟ್ಟು ಜೇಬಿಗೆ ಹಾಕುತ್ತೇನೆ. ಜೇಬಿನ ನೂಲಿನ ದೂಳೇ ಇಂಥ ಲೆನ್ಸಿಗೆ ದೊಡ್ಡ ಶತ್ರು.

ಬ್ಯಾಟರಿ, ಚಾರ್ಜರುಗಳ ವಿಷಯ ಚುಟುಕಾಗಿ ಹೇಳುತ್ತೇನೆ. ತಯಾರಕರ ಅಳತೆಯಂತೆ ಡಿ7200 ಒಂದು ಚಾರ್ಜಿಗೆ 1110 ಚಿತ್ರ ಕೊಡುತ್ತದೆ, ಮಾರ್ಕ್ 3 ಕೊಡುವುದು 320. ಜೊತೆಗೆ ಇನ್ನೊಂದು ಬ್ಯಾಟರಿ ಇಟ್ಟುಕೊಂಡರೆ, ಯುಎಸ್‌ಬಿ ಕೇಬಲಿನಿಂದಲೇ ಚಾರ್ಜ್ ಆಗುವುದರಿಂದ, ತೊಂದರೆಯಿಲ್ಲ.

ಈ ಹುಡುಕಾಟದ ನಡುವೆ ನನಗೆ ತುಂಬ ನೆಮ್ಮದಿ ಕೊಟ್ಟ ಸಂಗತಿಯೊಂದನ್ನು ಇಲ್ಲಿ ಬರೆಯದಿದ್ದರೆ ಮನಸ್ಸು ಒಪ್ಪುವುದಿಲ್ಲ. ಜರ್ಮನಿಯ ವೆಟ್ಸ್‌ಲಾರಿನಲ್ಲಿ ಲೈಟ್ಸ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಓಸ್ಕರ್ ಬಾರ್ನಾಕ್ ಉಬ್ಬಸದಿಂದ ಬಳಲುತ್ತಿದ್ದರು. ಗಾಜಿನ ಫಲಕಗಳ ಭಾರವಾದ ಕ್ಯಾಮೆರಾ ಹೊತ್ತು ಗುಡ್ಡ ಹತ್ತುವುದು ಅವರಿಂದಾಗುತ್ತಿರಲಿಲ್ಲ. ಸಿನಿಮಾ ಫಿಲ್ಮಿನ 18×24 ಮಿ.ಮೀ. ಚೌಕಟ್ಟನ್ನು ಇಮ್ಮಡಿಗೊಳಿಸಿ, ಅದೇ ಫಿಲ್ಮ್ ಅಡ್ಡಲಾಗಿ ಹಾಯುವ ಕೈಯಗಲದ ಕ್ಯಾಮೆರಾವೊಂದನ್ನು ಅವರು 1914ರ ಹೊತ್ತಿಗೆ ರೂಪಿಸಿದರು. ಚಿಕ್ಕ ನೆಗೆಟಿವ್, ದೊಡ್ಡ ಚಿತ್ರ ಎಂಬುದು ಅವರ ಆಲೋಚನೆ. 1925ರಲ್ಲಿ ಲೈಪ್ಜಿಗ್ ಮೇಳದಲ್ಲಿ ಅದು ಲೈಕಾ ಎಂಬ ಹೆಸರಿನಿಂದ ಹೊರಬಂತು. ಇಂದು ನಾವು ಫುಲ್ ಫ್ರೇಮ್ ಎಂದು ಹಿರಿಮೆಯಿಂದ ಕರೆಯುವ 24×36ರ ಚೌಕಟ್ಟು, ಹೆಗಲು ನೋಯದೆ ಬೆಟ್ಟ ಹತ್ತಬೇಕೆಂದು ಬಯಸಿದ ಒಬ್ಬ ಮನುಷ್ಯನ ಚಿಕ್ಕ ಕ್ಯಾಮೆರಾದಿಂದ ಬಂದದ್ದು. ಕೋಣೆಯಲ್ಲಿ ಕ್ಯಾಮೆರಾ ಬಿಟ್ಟು ಹೋದ ಆ ಬೆಳಗಿನ ಬಗ್ಗೆ ನನಗಿದ್ದ ಅಪರಾಧಭಾವ ಇದನ್ನು ಓದಿದ ಮೇಲೆ ಕಡಿಮೆಯಾಯಿತು.

ಮಾರ್ಕ್ 3 ನನ್ನ ಜೊತೆ ಈಗ ಮೂರು ಪ್ರವಾಸ ಮಾಡಿದೆ. ವ್ಯೂಫೈಂಡರನ್ನು ಮೇಲೆಬ್ಬಿಸಿದರೆ ಕ್ಯಾಮೆರಾ ತಾನೇ ಎಚ್ಚರಗೊಳ್ಳುತ್ತದೆ. ಆಮೇಲೆ ಅದರಲ್ಲಿ ಕಣ್ಣಿಡುವ ಭಾಗವನ್ನು ಹಿಂದಕ್ಕೆ ಎಳೆದುಕೊಳ್ಳಬೇಕು. ಮೊದಲ ವಾರ ಮರೆಯುತ್ತಿದ್ದ ಈ ಎರಡನೆಯ ಹೆಜ್ಜೆ ಈಗ ಬೆರಳಿಗೆ ರೂಢಿಯಾಗಿದೆ. ಡಿ7200ರ ಗಾಜಿನ ವ್ಯೂಫೈಂಡರಿನ ತಿಳಿ ಇದರಲ್ಲಿಲ್ಲ, ಇರುವುದು ಪುಟ್ಟ ವಿದ್ಯುತ್ ಪರದೆ. ಆದರೆ ಎಕ್ಸ್‌ಪೋಶರ್ ಹೆಚ್ಚಾಯಿತೇ ಕಡಿಮೆಯಾಯಿತೇ ಎಂಬುದು ಚಿತ್ರ ತೆಗೆಯುವ ಮೊದಲೇ ಅದರಲ್ಲಿ ಕಾಣುತ್ತದೆ. ಲೆನ್ಸಿನ ಸುತ್ತಲಿನ ರಿಂಗ್ ಒಂದೊಂದು ಮೆಟ್ಟಿಲಾಗಿ 24, 28, 35, 50, 70ಕ್ಕೆ ನಿಲ್ಲುವಂತೆ ಹೊಂದಿಸಿದ್ದೇನೆ. ಅಂಟುಪಟ್ಟಿಯ ಎರಡು ವಾರಗಳು ಕಲಿಸಿದ ಶಿಸ್ತು ಹೀಗೆ ಉಳಿಯಲಿ ಎಂಬ ಆಸೆ. ಸಾಮಾನ್ಯವಾಗಿ 35ಕ್ಕೆ ಇಟ್ಟುಕೊಂಡೇ ನಡೆಯುತ್ತೇನೆ. ಅಪರ್ಚರನ್ನು ಎಫ್ 5.6ಕ್ಕಿಂತ ಕಿರಿದು ಮಾಡುವುದಿಲ್ಲ, ಏಕೆಂದರೆ ಈ ಗಾತ್ರದ ಸೆನ್ಸರಿನಲ್ಲಿ ಅದರಾಚೆಗೆ ವಿವರ್ತನೆ ತನ್ನ ಕೆಲಸ ಶುರುಮಾಡುತ್ತದೆ. ಎಫ್ 4ರಲ್ಲೇ ಬೇಕಾದಷ್ಟು ಆಳ ಸ್ಪಷ್ಟವಾಗಿರುತ್ತದೆ. ಜಲಪಾತಗಳ ಮುಂದೆ ಒಳಗೇ ಇರುವ ಎನ್‌ಡಿ ಫಿಲ್ಟರ್ ಬೆಳಕನ್ನು ಎಂಟನೆಯ ಒಂದು ಪಾಲಿಗೆ ಇಳಿಸುವುದರಿಂದ, ಹಿಂದೆ ಚೀಲದಲ್ಲಿ ಹೊರುತ್ತಿದ್ದ ಗಾಜಿನ ಫಿಲ್ಟರುಗಳು ಮನೆಯಲ್ಲೇ ಉಳಿದಿವೆ. ಶಟರ್ ಲೆನ್ಸಿನೊಳಗೇ ಇರುವ ಬಗೆಯದಾದ್ದರಿಂದ ಸದ್ದು ಇಲ್ಲವೆನ್ನುವಷ್ಟು ಕಡಿಮೆ. ದೇವಾಲಯದಲ್ಲೋ ಗ್ರಂಥಾಲಯದಲ್ಲೋ ಯಾರೂ ತಿರುಗಿ ನೋಡುವುದಿಲ್ಲ.

ಛತ್ರಿ ಬಿಚ್ಚುವ ಮುದುಕರು, ಬಾಗಿಲುಗಳು, ಬಲೆಗಳು ಚಿತ್ರಗಳಿಗೆ ಮರಳಿ ಬಂದಿದ್ದಾರೆ. ಅಕ್ಕ ಕಳೆದ ಪ್ರವಾಸದಲ್ಲಿ ಒಂದು ಮಧ್ಯಾಹ್ನ ಪೂರ್ತಿ ನನಗಾಗಿ ಎಲ್ಲಿಯೂ ನಿಲ್ಲಲಿಲ್ಲ, ಮತ್ತು ಅದನ್ನು ನಾವಿಬ್ಬರೂ ಗಮನಿಸಿದ್ದು ರಾತ್ರಿ ಚಿತ್ರಗಳನ್ನು ನೋಡುವಾಗಲೇ. ಓಡುವ ಮಕ್ಕಳನ್ನು ಹಿಡಿಯುವಾಗ ಮಾತ್ರ ದೊಡ್ಡ ಕ್ಯಾಮೆರಾದ ಫೋಕಸ್ ನೆನಪಾಗುತ್ತದೆ. ಅಲ್ಲಿ ಇದಕ್ಕೂ ಅದಕ್ಕೂ ಹೋಲಿಕೆಯಿಲ್ಲ.

ಮೊನ್ನೆ ಕೆರೆಯ ಹಕ್ಕಿಗಳನ್ನು ನೋಡಲು ಹೊರಟಾಗ ಡಿ7200 ಅನ್ನು ಕಪಾಟಿನಿಂದ ತೆಗೆದೆ. ಜೂಮ್ ರಿಂಗಿನ ಮೇಲೆ ಆ ಕಾಗದದ ಪಟ್ಟಿ 24ರಲ್ಲಿ ಹಾಗೆಯೇ ಸುತ್ತಿಕೊಂಡಿತ್ತು. ಉಗುರಿನಿಂದ ಅಂಚು ಎಬ್ಬಿಸಿ ಮೆಲ್ಲಗೆ ಬಿಡಿಸಿದೆ, ಉಳಿದ ಅಂಟನ್ನು ಒದ್ದೆ ಬಟ್ಟೆಯಿಂದ ಒರೆಸಿದೆ, ಆಮೇಲೆ ರಿಂಗನ್ನು 200ರವರೆಗೆ ತಿರುಗಿಸಿ ಕ್ಯಾಮೆರಾವನ್ನು ಹೆಗಲಿಗೇರಿಸಿಕೊಂಡೆ.